ಕಾರು ಇಳಿದ ಜಾಗ

"ಅಲ್ಲಿಲ್ಲ" ಎಂದು ನಾನು ಹೇಳಿದಾಗ ವಿಮಲಾ ಅಲ್ಲೇ ಇದ್ದಳು. ನನಗೆ ಗೊತ್ತಿತ್ತು. ಗೊತ್ತಿತ್ತು ಅಂದರೆ ಅಂದಾಜಲ್ಲ, ಹತ್ತು ನಿಮಿಷದ ಹಿಂದೆ ಕಣ್ಣಾರೆ ನೋಡಿ ಬಂದಿದ್ದೆ. ಕಂಬದ ಹಿಂದೆ ನಿಂತು ಇನ್ನೂ ಸ್ವಲ್ಪ ಹೊತ್ತು ನೋಡಿದ್ದೆ. ಆಮೇಲೆ ತಿರುಗಿ ನಡೆದು ಬಂದು ಫೋನಿನಲ್ಲಿ ನನ್ನ ಗಂಡನಿಗೆ ಹೇಳಿದೆ: "ನೋಡಿದೆ. ಅಲ್ಲಿಲ್ಲ."

ಹತ್ತು ವರ್ಷವಾಯಿತು. ಈ ಎರಡು ಪದಗಳನ್ನು ನಾನು ಯಾರಿಗೂ ಬಿಡಿಸಿ ಹೇಳಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು, ಎಲೊಕ್ಯೂಶನ್ ಪ್ರೈಜ್ ತೆಗೆದುಕೊಂಡವಳು. ಸಿಸ್ಟರ್‌ಗಳು ವಾರಕ್ಕೊಮ್ಮೆ ಕಾನ್ಶಿಯನ್ಸ್ ಎಕ್ಸಾಮಿನ್ ಮಾಡಿಸುತ್ತಿದ್ದರು, ಕ್ರಿಶ್ಚಿಯನ್ ಅಲ್ಲದ ನಮಗೂ. ಆದರೂ ಇದನ್ನು ಬರೆಯಲು ಕೂತಾಗ ಇಂಗ್ಲಿಷ್ ಕೈಗೆ ಹತ್ತಲಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಚೆಂದವಾಗಿಬಿಡುತ್ತದೆ. ಮತ್ತೆ, ವಿಮಲಾ ಓದುವುದು ಕನ್ನಡವನ್ನು ಮಾತ್ರ.

ವಿಮಲಾ ನನ್ನ ಗಂಡನ ತಂಗಿ. ನನ್ನ ನಾದಿನಿ. ನಿಶಾಗೆ ಎರಡು ವರ್ಷ ಆದಾಗ, ನನಗೆ ಮಸ್ಕತ್ತಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು. ಮಗುವನ್ನು ಯಾರು ನೋಡಿಕೊಳ್ಳುವುದು? ಇವರು ಮುಲ್ಕಿಯಿಂದ ತಂಗಿಯನ್ನು ಕರೆಸಿದರು. ಅವಳಿಗೆ ಆಗ ಮೂವತ್ತು. ಎರಡು ಸಂಬಂಧ ನೋಡುತ್ತಿದ್ದರು, ಬಂದಮೇಲೆ ಅದೂ ನಿಂತಿತು. "ಒಂದೆರಡು ವರ್ಷ ಅಷ್ಟೆ" ಎಂದಿದ್ದೆವು. ಇಪ್ಪತ್ತೇಳು ವರ್ಷ ಇದ್ದಳು.

ತಂಗಿ ಎಂದು ವೀಸಾ ಸಿಗುತ್ತಿರಲಿಲ್ಲ. ಇವರ ಕಫೀಲ್, ಅಂದರೆ ವೀಸಾಕ್ಕೆ ಜವಾಬ್ದಾರನಾದ ಒಮಾನಿ ಯಜಮಾನ — ಒಳ್ಳೆಯ ಮನುಷ್ಯ, ವಾದಿ ಕಬೀರಿನ ನಮ್ಮ ಗ್ರಾನೈಟ್ ಅಂಗಡಿ ಅವರ ಹೆಸರಿನಲ್ಲೇ ಇದ್ದದ್ದು — ಒಂದು ದಾರಿ ಹೇಳಿದರು. ಹೀಗಾಗಿ ಕಾಗದದಲ್ಲಿ ವಿಮಲಾ ನಮ್ಮ ಹೌಸ್‌ಮೇಡ್ ಆದಳು. ಇವರಿಗೆ ಅದು ನಾಚಿಕೆಯ ವಿಷಯ. ಆ ಕಾರ್ಡನ್ನು ಯಾರಿಗೂ ತೋರಿಸದೆ ಪಾಸ್‌ಪೋರ್ಟುಗಳ ಜೊತೆ ಕಪಾಟಿನಲ್ಲಿ ಇಡುತ್ತಿದ್ದರು. ನನಗೆ... ನಾನು ಅದನ್ನು ಆಗೀಗ ತೆಗೆದು ಓದುತ್ತಿದ್ದೆ. ಅಡುಗೆಮನೆಯಲ್ಲಿ ಅವಳೂ ನನ್ನ ಮಗಳೂ ತುಳುವಿನಲ್ಲಿ ನಗುವುದು ಕೇಳುವಾಗ ಆ ಪದವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹೌಸ್‌ಮೇಡ್.

ಅವಳು ಬಂದ ಮೊದಲ ತಿಂಗಳಲ್ಲೇ ಮತ್ರಾ ಸೂಕ್‌ನ ಪೇಟೆಗಲ್ಲಿಗಳಲ್ಲಿ ತಪ್ಪಿಸಿಕೊಂಡಿದ್ದಳು. ಆಗ ಮೊಬೈಲ್ ಎಲ್ಲಿ? ಸಿಕ್ಕಿದಮೇಲೆ ಕಾರಿನಲ್ಲಿ ಅವಳನ್ನು ಕೂರಿಸಿ, ಶಾಲೆಯಲ್ಲಿ ಮಕ್ಕಳಿಗೆ ಹೇಳುವಂತೆ ಬೆರಳೆತ್ತಿ ಹೇಳಿದ್ದೆ: "ಇಲ್ಲಿ ಊರಿನ ಹಾಗಲ್ಲ ಮಾರಾಯ್ತಿ, ದಾರಿ ಕೇಳಿಕೊಂಡು ಮನೆಗೆ ನಡೆದು ಬರಲಿಕ್ಕೆ ಆಗುವುದಿಲ್ಲ. ಇಲ್ಲಿ ಕಾರಿಲ್ಲದೆ ಯಾರೂ ಇಲ್ಲ. ತಪ್ಪಿಹೋದರೆ ಕಾರು ಇಳಿದ ಜಾಗಕ್ಕೆ ಬಂದು ನಿಲ್ಲು. ಅಲುಗಬೇಡ. ಕೂರಬೇಡ, ಕೂತರೆ ಕಾಣುವುದಿಲ್ಲ. ಕಾರು ಬಂದೇ ಬರುತ್ತದೆ."

ನಮ್ಮ ಮನೆಯ ಕಾನೂನೇ ಆಯಿತು ಅದು. ನಿಶಾಗೆ ವಿಮಲಾ ಅದನ್ನು ಹಾಡಿನ ಹಾಗೆ ಕಲಿಸಿದಳು. ಮಸ್ಕತ್ತಿನ ನಮ್ಮ ಜನರಲ್ಲಿ ಬಹಳ ಮನೆಗಳಲ್ಲಿ ಇಂಥದ್ದೇ ಕಾನೂನು ಉಂಟು. ಅದರ ಮೇಲೆ ನಾವೆಲ್ಲ ಕಣ್ಣುಮುಚ್ಚಿ ನಂಬಿಕೆ ಇಟ್ಟವರು.

ಹತ್ತು ವರ್ಷದ ಹಿಂದೆ ಇವರು ಕಲ್ಲು ಆರಿಸಲು ಚೀನಾದ ಶಿಯಾಮೆನ್‌ಗೆ ಹೊರಟರು. ಸಮುದ್ರದ ದಡದ ಊರು, ನಮ್ಮ ಅಂಗಡಿಗೆ ಬರುತ್ತಿದ್ದ ಗ್ರಾನೈಟಿನ ಅರ್ಧ ಅಲ್ಲಿಂದಲೇ. "ನೀವಿಬ್ಬರೂ ಬನ್ನಿ, ಒಂದು ಚೇಂಜ್" ಎಂದರು. ನಿಶಾಗೆ ಆಗ ಏಳನೆಯ ತಿಂಗಳು, ಮಸ್ಕತ್ತಿನಲ್ಲೇ ಅಲ್ ಖುವೈರಿನಲ್ಲಿ ಗಂಡನ ಜೊತೆ ಇದ್ದಳು. ಇವರು ಊರಿಂದ ಎರಡು ಗಂಟೆ ದೂರದ ಫ್ಯಾಕ್ಟರಿಗೆ ಹೋದ ದಿನ, ಫ್ಯಾಕ್ಟರಿಯ ಆಫೀಸಿನಿಂದ ಮಿಸೆಸ್ ಲಿನ್ ಎಂಬವರನ್ನು ನಮಗೆ ಜೊತೆ ಮಾಡಿದರು. ಐವತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ಅಳೆದು ಸುರಿದ ಇಂಗ್ಲಿಷ್. ಅವರು ನಮ್ಮನ್ನು ಊರಿನ ಹಳೆಯ ಪೇಟೆಬೀದಿಗೆ ಕರೆದೊಯ್ದರು.

ಆ ಬೀದಿಯ ಬಾಯಿಯಲ್ಲಿ, ಒಂದು ಹಳೆಯ ಕಟ್ಟಡದ ಕಲ್ಲಿನ ಸಿಂಹದ ಪಕ್ಕ, ಟ್ಯಾಕ್ಸಿ ನಮ್ಮನ್ನು ಇಳಿಸಿತು. ಅಲ್ಲಿಂದ ಮುಂದೆ ಕಾರಿಲ್ಲ, ಬರೀ ಜನ. ಎರಡೂ ಬದಿ ಮಾಸಿದ ಗುಲಾಬಿ, ಕೆನೆ ಬಣ್ಣದ ಮಾಳಿಗೆಗಳು. ಮೇಲಿನ ಮನೆ ಮುಂದಕ್ಕೆ ಚಾಚಿ, ಕೆಳಗೆ ಸಾಲು ಕಂಬ, ಕಂಬದೊಳಗೆ ನೆರಳಿನ ಕಾಲುದಾರಿ. ಬೀದಿ ಸೀದಾ ಹೋಗಿ ಸಮುದ್ರಕ್ಕೆ ಮುಟ್ಟುತ್ತದೆ, ಆಚೆ ಒಂದು ದ್ವೀಪ. ಒಣಮೀನಿನ ಅಂಗಡಿ, ಚಹಾದ ಅಂಗಡಿ, ಮುತ್ತಿನ ಅಂಗಡಿ. ಮಸ್ಕತ್ತಿನಲ್ಲಿ ಮೂವತ್ತು ವರ್ಷ ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಕಾರಿಗೆ ಬದುಕಿದ ನಮಗೆ ಕಾಲು ಮರಳಿ ಸಿಕ್ಕ ಹಾಗಾಯಿತು.

ವಿಮಲಾ ತಿಳಿಹಸಿರು ಕಾಟನ್ ಸೀರೆ ಉಟ್ಟಿದ್ದಳು. ಜನ ಅವಳ ಫೋಟೊ ತೆಗೆದರು. ಒಣಮೀನಿನ ಅಂಗಡಿಯ ಎದುರು ಉಸಿರೆಳೆದುಕೊಂಡು, "ಅತ್ತಿಗೆ, ಇದು ಮಲ್ಪೆಯೇ. ಮಾತು ಮಾತ್ರ ಬೇರೆ" ಎಂದಳು. ಭಾಷೆ ಬಾರದ ಹೆಂಗಸರ ಜೊತೆ ಕೈಸನ್ನೆಯಲ್ಲೇ ಚೌಕಾಸಿ ಮಾಡಿ, ನಗಿಸಿ, ಹುಲಿಮೂತಿಯ ಒಂದು ಜೊತೆ ಪುಟ್ಟ ಬಟ್ಟೆಯ ಷೂ ಕೊಂಡಳು. ಅಲ್ಲಿ ಹಸುಗೂಸಿಗೆ ಹಾಕುವುದಂತೆ. "ಪಿಲಿ" ಎಂದು ಎರಡೂ ಕೈಗೆ ತೊಟ್ಟು ನನ್ನೆದುರು ಹುಲಿವೇಷದವರ ಹಾಗೆ ಎರಡು ಹೆಜ್ಜೆ ಹಾಕಿದಳು. ಮಿಸೆಸ್ ಲಿನ್ ಚಪ್ಪಾಳೆ ತಟ್ಟಿದರು. ನನ್ನ ಇಂಗ್ಲಿಷಿಗೆ ಬೆಳಿಗ್ಗೆಯಿಂದ ಆ ಹೆಂಗಸು ಒಮ್ಮೆಯೂ ನಕ್ಕಿರಲಿಲ್ಲ.

ಆಗ ನಿಶಾಳ ಫೋನ್ ಬಂತು. ನನ್ನ ಫೋನಿಗೇ, ರೋಮಿಂಗ್ ಇದ್ದದ್ದು ನನ್ನದಕ್ಕೆ ಮಾತ್ರ. "ಮಮ್ಮಿ, ಅತ್ತೆಗೆ ಕೊಡು" ಎಂದಳು. ಅವರಿಬ್ಬರೂ ಷೂ ವಿಷಯ ಮಾತಾಡಿ ನಕ್ಕರು. ಫೋನ್ ನನಗೆ ವಾಪಸು ಬಂದಾಗ ನಿಶಾ ಹೇಳಿದಳು: "ಮಮ್ಮಿ, ಡೋಂಟ್ ಮೈಂಡ್ ಹಾಂ? ಬಾಣಂತನಕ್ಕೆ ನಲವತ್ತು ದಿನ ಅತ್ತೆ ನನ್ನ ಫ್ಲ್ಯಾಟಲ್ಲೇ ಇರಲಿ. ನೀನು ಫ್ರೈಡೇ ಫ್ರೈಡೇ ಬಾ. ನಿನಗೆ ಸುಮ್ಮನೆ ಸ್ಟ್ರೇನ್."

"ಶ್ಯೂರ್ ಡಾರ್ಲಿಂಗ್" ಎಂದೆ.

ಫ್ರೈಡೇ ಫ್ರೈಡೇ. ಹೆತ್ತವಳು ವಿಸಿಟರ್.

ವಿಮಲಾ ಒಂದು ಚಹಾದಂಗಡಿಯಲ್ಲಿ ಮುದುಕಿಯೊಬ್ಬಳ ಎದುರು ಕೂತು, ಬೆರಳಿನಷ್ಟು ಬಟ್ಟಲಲ್ಲಿ ಚಹಾ ಕುಡಿಯುತ್ತಿದ್ದಳು. "ನಾವು ಮುಂದಿನ ಮುತ್ತಿನ ಅಂಗಡಿ ನೋಡುತ್ತೇವೆ" ಎಂದೆ. ಅವಳು ತಲೆಯಾಡಿಸಿದಳು. ಮುತ್ತಿನ ಅಂಗಡಿಗೆ ನಾನು ಹೋಗಲಿಲ್ಲ. ಮಿಸೆಸ್ ಲಿನ್‌ರನ್ನು ಒಂದು ಅಡ್ಡಗಲ್ಲಿಗೆ, ಅಲ್ಲಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋದೆ. ಆ ಹೊತ್ತಿಗೆ ಮನಸ್ಸಿನಲ್ಲಿ ಏನಿತ್ತು? ಸ್ವಲ್ಪ ಹುಡುಕಲಿ, ಸ್ವಲ್ಪ ಹೆದರಲಿ — ಅಷ್ಟೇ ಇದ್ದಿರಬೇಕು. ಇರಬೇಕು ಎನ್ನುತ್ತಿದ್ದೇನೆ, ನೋಡಿ. ಇನ್ನೂ ನನಗೆ ನಾನೇ ರಿಯಾಯಿತಿ ಕೊಡುತ್ತಿದ್ದೇನೆ.

ಅವಳ ಪಾಸ್‌ಪೋರ್ಟ್ ನನ್ನ ಬ್ಯಾಗಿನಲ್ಲಿತ್ತು. ಹೋಟೆಲಿನ ವಿಳಾಸದ ಕಾರ್ಡೂ. ಬೆಳಿಗ್ಗೆ ಅವಳು ಕೈಚಾಚಿದಾಗ, "ನಿನಗೆ ಎಂತಕ್ಕೆ, ನಾನಿಲ್ಲವಾ?" ಎಂದು ಎರಡನ್ನೂ ಒಳಗೆ ಹಾಕಿಕೊಂಡಿದ್ದೆ.

ಅರ್ಧ ಗಂಟೆಯ ಮೇಲೆ ಮಿಸೆಸ್ ಲಿನ್ ಗಾಬರಿಯಾದರು. ಚಹಾದಂಗಡಿಯಲ್ಲಿ ವಿಮಲಾ ಇಲ್ಲ. ಎಲ್ಲಿ ಹೋಗಿರಬಹುದು ಎಂದು ಕೇಳಿದರು. ಎಲ್ಲಿ ಹೋಗಿರುತ್ತಾಳೆ? ಕಲ್ಲಿನ ಸಿಂಹದ ಹತ್ತಿರ. ಇಪ್ಪತ್ತೇಳು ವರ್ಷದ ಹಿಂದೆ ನಾನೇ ಬರೆದುಕೊಟ್ಟ ಉತ್ತರ. ನಾನು ಬೀದಿಯ ಇನ್ನೊಂದು ತುದಿಗೆ ಕೈತೋರಿಸಿದೆ: "ಟುವರ್ಡ್ಸ್ ದ ಸೀ. ಶಿ ಲವ್ಸ್ ದ ಸೀ."

ನಾವು ದಡದಲ್ಲಿ, ದ್ವೀಪಕ್ಕೆ ಹೋಗುವ ದೋಣಿಕಟ್ಟೆಯಲ್ಲಿ ಒಂದು ಗಂಟೆ ಹುಡುಕಿದೆವು. ಅಲ್ಲಿಂದಲೇ ಇವರಿಗೆ ಫೋನ್ ಮಾಡಿದೆ. ಇವರು ಕೇಳಿದ ಮೊದಲ ಮಾತು, "ಟ್ಯಾಕ್ಸಿ ಇಳಿದ ಜಾಗ ನೋಡಿದೆಯಾ?"

"ಈಗ ನೋಡಿ ಹೇಳುತ್ತೇನೆ."

ಮಿಸೆಸ್ ಲಿನ್‌ರನ್ನು ಪೊಲೀಸ್ ಚೌಕಿಗೆ ಕಳುಹಿಸಿ ನಾನೊಬ್ಬಳೇ ಹೋದೆ. ಬಹಳ ದೂರವಿಲ್ಲ. ಕೊನೆಯ ಕಂಬದ ಹತ್ತಿರ ಬಂದಾಗ ಹಸಿರು ಸೀರೆ ಕಂಡಿತು. ಸಿಂಹಕ್ಕೆ ಒರಗಿಕೊಂಡಿರಲಿಲ್ಲ. ನೆಟ್ಟಗೆ, ಎರಡೂ ಕೈಯಲ್ಲಿ ಷೂವಿನ ಪೊಟ್ಟಣ ಹಿಡಿದು, ದೂರದ ರಸ್ತೆಯಲ್ಲಿ ಬರುವ ಒಂದೊಂದು ಟ್ಯಾಕ್ಸಿಯನ್ನೂ ಕತ್ತು ಚಾಚಿ ನೋಡುತ್ತಿದ್ದಳು. ಪಕ್ಕದಂಗಡಿಯ ಹೆಂಗಸು ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲ್ ತಂದು ಅವಳ ಹಿಂದೆ ಇಟ್ಟಳು. ವಿಮಲಾ ಕೈಮುಗಿದಳು, ಕೂರಲಿಲ್ಲ. ಕೂತರೆ ಕಾಣುವುದಿಲ್ಲವಲ್ಲ.

ಕರೆದಿದ್ದರೆ ಕೇಳುತ್ತಿತ್ತು. ಹದಿನೈದು ಹೆಜ್ಜೆ.

ನಾನು ನಿಂತೇ ಇದ್ದೆ. ಆಗ ಹೊಳೆದದ್ದು ಹೇಳುತ್ತೇನೆ. ಪೇಟೆಯಲ್ಲಿ ಕಳೆದುಹೋಗುವ ಹೆಂಗಸಿನ ಕೈಗೆ ಯಾರೂ ಹಸುಗೂಸು ಕೊಡುವುದಿಲ್ಲ. ಇದು ಸಿಟ್ಟಲ್ಲಿ ಬಂದ ಯೋಚನೆಯಲ್ಲ. ಬಹಳ ತಣ್ಣಗೆ, ಪ್ರಶ್ನೆಪತ್ರಿಕೆ ತೆಗೆಯುವಾಗ ಒಳ್ಳೆಯ ಪ್ರಶ್ನೆ ಹೊಳೆಯುತ್ತದಲ್ಲ, ಹಾಗೆ ಬಂತು. ಸಣ್ಣ ಖುಷಿಯೂ ಆಯಿತು. ತಿರುಗಿ ನಡೆದೆ. ಇವರಿಗೆ ಫೋನ್ ಮಾಡಿ ಆ ಎರಡು ಪದ ಹೇಳಿದೆ, ಜೊತೆಗೆ ಇನ್ನೊಂದು ವಾಕ್ಯ: "ನಾನು ನಿಮಗೆ ಹೇಳಿರಲಿಲ್ಲ, ಅವಳಿಗೆ ಈಚೆಗೆ ಮರೆವು."

ಆರು ಗಂಟೆ ಹೊತ್ತಿಗೆ ಪೊಲೀಸರು ಕ್ಯಾಮೆರಾದಲ್ಲಿ ಅವಳನ್ನು ಕಂಡುಹಿಡಿದರು. ನಾವು ಹೋದಾಗ ಅವಳ ಕಾಲು ಬಾತು ಚಪ್ಪಲಿಯ ಪಟ್ಟಿ ಚರ್ಮಕ್ಕೆ ಇಳಿದಿತ್ತು. ಸೀರೆಯ ಕೆಳಗಿನ ಅರ್ಧ ಒದ್ದೆ. ನಾಲ್ಕು ಗಂಟೆ ಜಾಗ ಬಿಟ್ಟು ಅಲುಗಿರಲಿಲ್ಲ, ಬಾತ್‌ರೂಮಿಗೂ. ನನ್ನನ್ನು ಕಂಡದ್ದೇ ಅವಳ ಮೊದಲ ಮಾತು, "ಅತ್ತಿಗೆ, ಕಾರು ಬರಲೇ ಇಲ್ಲ."

ಪೊಲೀಸಿನವನು ಮಿಸೆಸ್ ಲಿನ್‌ಗೆ ಏನೋ ಹೇಳಿದ. ಆಕೆ ನನ್ನ ಕಡೆ ತಿರುಗಿ ನಿಧಾನವಾಗಿ, "ಹಿ ಸೇಸ್, ಶಿ ನೆವರ್ ಮೂವ್. ಟೂ ಓ ಕ್ಲಾಕ್ ಟು ನೌ. ಮೇಡಮ್, ಯು ಸೇ ಯು ಲುಕ್" ಎಂದರು.

"ದ ಕ್ರೌಡ್" ಎಂದೆ.

ಆಕೆ ತನ್ನ ಕೋಟು ಬಿಚ್ಚಿ ವಿಮಲಾಳ ಸೊಂಟಕ್ಕೆ ಸುತ್ತಿ, ತೋಳುಗಳನ್ನು ಗಂಟುಹಾಕಿದರು. ಆ ಕೆಲಸ ನನ್ನದಾಗಿತ್ತು.

ಇವರು ಹೋಟೆಲಿಗೆ ಓಡಿ ಬಂದರು. "ಎಲ್ಲಿ ಸಿಕ್ಕಿದಳು?" ಎಂದಾಗ ನನ್ನ ಬಳಿ ಉತ್ತರ ತಯಾರಿತ್ತು: "ಎಲ್ಲೆಲ್ಲೋ ಅಲೆದು ಕೊನೆಗೆ ಅಲ್ಲಿಗೆ ಬಂದು ನಿಂತಿದ್ದಾಳೆ, ಪಾಪ."

"ಇಲ್ಲ ಅಣ್ಣ, ನಾನು ಆಗಿನಿಂದ ಅಲ್ಲೇ ಇದ್ದೆ."

"ಅಲ್ಲೇ ಇದ್ದಿದ್ದರೆ ನನಗೆ ಕಾಣುತ್ತಿರಲಿಲ್ಲವಾ ವಿಮಲಾ?" ನನ್ನ ದನಿ ಎಷ್ಟು ಮೃದುವಾಗಿತ್ತು. "ನಾನೇ ಬಂದು ನೋಡಿದೆನಲ್ಲ."

ಅವಳು ನನ್ನ ಮುಖ ನೋಡಿದಳು. ಅವಳಿಗೆ ನನ್ನ ಮೇಲೆ ಸಂಶಯ ಬಂದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆನೋ ಏನೋ. ಅವಳು ಸಂಶಯಪಟ್ಟದ್ದು ತನ್ನ ಮೇಲೆ. ಸ್ನಾನಕ್ಕೆ ಕರೆದುಕೊಂಡು ಹೋದಾಗ ಬಾಗಿಲ ಹತ್ತಿರ ನಿಂತು ಪಿಸುಗುಟ್ಟಿದಳು: "ಒಬ್ಬಳು ಕೂರಲಿಕ್ಕೆ ಸ್ಟೂಲ್ ಕೊಟ್ಟಳು ಅತ್ತಿಗೆ. ಕೆಂಪು ಸ್ಟೂಲ್. ಅದೂ ಸುಳ್ಳಾ?"

"ಯಾವ ಸ್ಟೂಲು ಮಾರಾಯ್ತಿ?" ಎಂದೆ. "ಎಲ್ಲ ಮರೆತು ಮಲಗು."

ಆಮೇಲೆ ನಾನು ಹೆಚ್ಚು ಮಾಡಬೇಕಾಗಲಿಲ್ಲ. ಮಸ್ಕತ್ತಿನ ಡಾಕ್ಟರು ಏನೂ ಕಾಣುವುದಿಲ್ಲ ಎಂದರು. "ಶುರುವಿನಲ್ಲಿ ಕಾಣುವುದಿಲ್ಲವಂತೆ" ಎಂದು ನಾನು ಎಲ್ಲರಿಗೂ ಹೇಳಿದೆ. ಅವಳು ಗ್ಯಾಸ್ ಆರಿಸಿ ನಾಲ್ಕು ಸಲ ನೋಡತೊಡಗಿದಳು. ಅದೂ ಒಂದು ಸಾಕ್ಷಿಯಾಯಿತು. ಒಂದು ದಿನ ಉಪ್ಪಿನ ಡಬ್ಬಿಯನ್ನು ಅದರ ಜಾಗದಿಂದ ತೆಗೆದು ಫ್ರಿಜ್ಜಿನಲ್ಲಿಟ್ಟದ್ದು ನಾನು. ನಿಶಾ ಇದ್ದ ದಿನವೇ ನೋಡಿ ಇಟ್ಟೆ. ಅದನ್ನು ಕಂಡು ನಿಶಾ ಅಲ್ಲೇ ಅತ್ತುಬಿಟ್ಟಳು. "ಮಮ್ಮಿ, ಐ ಫೀಲ್ ಸೋ ಬ್ಯಾಡ್, ಆದರೆ ಬೇಬಿಯನ್ನು ಹೇಗೆ ಕೊಡಲಿ?"

ನಲವತ್ತು ದಿನ ನಾನಿದ್ದೆ. ಮಗುವಿಗೆ ಎಣ್ಣೆ ಹಚ್ಚಲು ನನಗೆ ಬರುತ್ತಿರಲಿಲ್ಲ. ಅಲ್ ಗುಬ್ರಾದ ನಮ್ಮ ಮನೆಗೆ ಫೋನ್ ಮಾಡಿ ಕೇಳುತ್ತಿದ್ದೆ, ವಿಮಲಾ ಹೇಳಿಕೊಡುತ್ತಿದ್ದಳು. ಕೊನೆಯಲ್ಲಿ, "ನನಗೆ ನೆನಪಿದ್ದದ್ದು ಹೇಳಿದ್ದೇನೆ, ಇನ್ನೊಬ್ಬರನ್ನೂ ಕೇಳಿ ಅತ್ತಿಗೆ" ಎನ್ನುತ್ತಿದ್ದಳು.

ಆ ವರ್ಷ ಅವಳ ವೀಸಾ ರಿನ್ಯೂ ಮಾಡಿಸಲಿಲ್ಲ. ಕಫೀಲ್ ಎರಡು ಸಲ ಕೇಳಿದರು, "ಖಲಾಸ್?" ಎಂದು. ಇವರು ನನ್ನ ಮುಖ ನೋಡಿದರು. ನಾನು, "ಊರಲ್ಲಿ ಅವಳಿಗೆ ಸೇಫ್" ಎಂದೆ. ಏರ್‌ಪೋರ್ಟಿನಲ್ಲಿ ಅವಳ ಬ್ಯಾಗಿಗೆ ಹೆಸರು, ಫೋನ್ ನಂಬರ್ ಬರೆದ ಚೀಟಿಯನ್ನು ಪಿನ್ ಮಾಡಿದೆ, ಎಲ್.ಕೆ.ಜಿ. ಮಕ್ಕಳಿಗೆ ಮಾಡುವಂತೆ. ಅವಳು ಬೇಡ ಎನ್ನಲಿಲ್ಲ. ಹುಲಿಮೂತಿಯ ಷೂವನ್ನು ನನ್ನ ಕೈಗಿಟ್ಟು, "ನೀವೇ ಹಾಕಿ ಮಗುವಿಗೆ" ಎಂದಳು. ನಾನು ಹಾಕಲಿಲ್ಲ. ಕಪಾಟಿನ ಮೇಲಿನ ಖಾನೆಗೆ ಎಸೆದೆ.

ಮುಲ್ಕಿಯಲ್ಲಿ ಅವಳು ಚಿಕ್ಕಪ್ಪನ ಮಗಳ ಮನೆಯಲ್ಲಿದ್ದಾಳೆ. ಅಂಗಳ ದಾಟಿ ಒಬ್ಬಳೇ ಹೋಗುವುದಿಲ್ಲವಂತೆ. ಹಾಲಿನ ಡೈರಿ ನೂರು ಹೆಜ್ಜೆ ದೂರವೂ ಇಲ್ಲ. "ನಾನು ತಪ್ಪಿಹೋಗುವವಳು" ಎನ್ನುತ್ತಾಳಂತೆ. ಅವಳಿಗೆ ಮರೆವು ಇಲ್ಲ, ಹತ್ತು ವರ್ಷದಲ್ಲಿ ಬರಲೂ ಇಲ್ಲ. ನಾನು ಕಿತ್ತುಕೊಂಡದ್ದು ನೆನಪನ್ನಲ್ಲ, ಅದರ ಮೇಲಿದ್ದ ನಂಬಿಕೆಯನ್ನು. ಮೂರು ವರ್ಷದ ಹಿಂದೆ ಇವರು ತೀರಿಕೊಂಡರು. ಆಸ್ಪತ್ರೆಯಲ್ಲಿ, "ವಿಮಲಾಳನ್ನು ಕಳುಹಿಸಬಾರದಿತ್ತಾ?" ಎಂದು ಕೇಳಿದರು. "ನೀವು ಮಾಡಿದ್ದು ಸರಿ" ಎಂದೆ. ನೀವು ಎಂದೆ. ಅದನ್ನೂ ಅವರ ತಲೆಗೇ ಕಟ್ಟಿ ಕಳುಹಿಸಿದೆ.

ಈಗ ಯಾಕೆ ಬರೆಯುತ್ತಿದ್ದೇನೆ? ಹೋದ ತಿಂಗಳು ಮಾಲ್‌ಗೆ ಹೋಗುವಾಗ ಕಾರಿನಲ್ಲಿ ನಿಶಾ ತನ್ನ ಮಗಳಿಗೆ ಹೇಳುತ್ತಿದ್ದಳು. ತನ್ವಿಗೆ ಒಂಬತ್ತು ವರ್ಷ.

"ತಪ್ಪಿಹೋದರೆ ಎಲ್ಲಿ ನಿಲ್ಲಬೇಕು?"

"ವೇರ್ ದ ಕಾರ್ ಡ್ರಾಪ್ಡ್ ಮಿ."

"ಗುಡ್. ವಿಮಲಜ್ಜಿ ಹಾಗೆ ಮಾಡಲಿಲ್ಲ, ಎಲ್ಲೆಲ್ಲೋ ಹೋದರು. ಅದಕ್ಕೇ ಲಾಸ್ಟ್ ಆದರು."

"ಅಂಡ್ ಇಫ್ ದ ಕಾರ್ ಡಸಂಟ್ ಕಮ್?"

"ಬರದೇ ಇರುವುದಿಲ್ಲ ಮಗಾ. ಯಾವಾಗಲೂ ಬರುತ್ತದೆ."

ನಾನು ಹಿಂದಿನ ಸೀಟಿನಲ್ಲಿದ್ದೆ. ಆ ಕಾನೂನನ್ನು ನನಗಿಂತ, ಯಾರಿಗಿಂತಲೂ ಚೆನ್ನಾಗಿ ಪಾಲಿಸಿದವಳನ್ನು ಈ ಮನೆಯಲ್ಲಿ ಮಕ್ಕಳಿಗೆ ಕೆಟ್ಟ ಉದಾಹರಣೆಯಾಗಿ ಕಲಿಸುತ್ತಿದ್ದಾರೆ. ಅವಳು ಸತ್ತಮೇಲೂ ಕಲಿಸುತ್ತಾರೆ.

ಹೋದ ವಾರ ಮುಲ್ಕಿಗೆ ಫೋನ್ ಮಾಡಿದೆ. ಪೀಠಿಕೆ ಹಾಕಲಿಲ್ಲ. "ವಿಮಲಾ, ನೀನು ಅಲ್ಲೇ ಇದ್ದೆ. ನಾನು ನೋಡಿದ್ದೆ. ನೋಡಿ ವಾಪಸು ಹೋದೆ" ಎಂದೆ.

ಅವಳು ಮೊದಲು ಕೇಳಿದ್ದು:

"ಸ್ಟೂಲು?"

"ಇತ್ತು. ಕೆಂಪು. ನೀನು ಕೈಮುಗಿದೆ."

"ನಾನು ಎಷ್ಟು ಹೊತ್ತು ನಿಂತಿದ್ದೆ?"

"ನಾಲ್ಕು ಗಂಟೆ."

"ನಿಮಗೆ ನಾನು ಕಂಡದ್ದು ಎಷ್ಟು ಹೊತ್ತಿಗೆ?"

"ಮೂರೂವರೆಗೆ."

ಅವಳು ಮನಸ್ಸಿನಲ್ಲೇ ಏನೋ ಕಳೆಯುತ್ತಿದ್ದ ಹಾಗಿತ್ತು. "ಎರಡೂವರೆ ಗಂಟೆ" ಎಂದಳು. "ಅಷ್ಟೂ ಹೊತ್ತು ನೀವು ಹುಡುಕುತ್ತಿದ್ದೀರಿ ಅಂತ ನನಗೆ ನಿಮ್ಮ ಬಗ್ಗೆಯೇ ಹೆದರಿಕೆ ಆಗಿತ್ತು ಅತ್ತಿಗೆ. ಭಾಷೆ ಬಾರದ ಊರು." ಆಮೇಲೆ, "ನನಗೆ ಅರವತ್ತೇಳಾಯಿತು. ಈಗ ಹೇಳಿದಿರಿ" ಎಂದು ಫೋನ್ ಇಟ್ಟಳು. ಆಮೇಲೆ ಎತ್ತಿಲ್ಲ. ಎತ್ತಬೇಕು ಎಂದು ನಾನು ಯಾವ ಬಾಯಲ್ಲಿ ಕೇಳಲಿ?

ನಾಳೆ ಫ್ರೈಡೇ. ನಿಶಾ ತನ್ವಿಯನ್ನು ಕರೆದುಕೊಂಡು ಊಟಕ್ಕೆ ಬರುತ್ತಾಳೆ. ಷೂವನ್ನು ಕಪಾಟಿನಿಂದ ಇಳಿಸಿ ಟೇಬಲ್ಲಿನ ಮೇಲೆ ಇಟ್ಟಿದ್ದೇನೆ. ಒಂದು ಹುಲಿಯ ಮೀಸೆಯ ದಾರ ಇಲಿ ತಿಂದಿದೆ. ನಿಶಾ ಇದನ್ನು ಕೇಳಿದಮೇಲೆ ಇನ್ನು ಫ್ರೈಡೇಗಳು ಇರುತ್ತವೆಯೋ ಇಲ್ಲವೋ. ಇರದಿದ್ದರೆ ಅದು ಅವಳ ಹಕ್ಕು. ಮಗುವನ್ನು ಒಳಗೆ ಕಳುಹಿಸು ಎಂದು ಅವಳು ಹೇಳಬಹುದು. ನಾನು ಬೇಡ ಎನ್ನುತ್ತೇನೆ. ತಪ್ಪು ಪಾಠ ಆಗಿರುವುದು ಮಗುವಿಗೆ.

ತನ್ವಿ, ಕಾರು ಬರದಿದ್ದರೆ ಎಂದು ನೀನು ಕೇಳಿದ್ದೆಯಲ್ಲ. ಒಮ್ಮೆ ಬರಲಿಲ್ಲ. ವಿಮಲಜ್ಜಿ ನಿಲ್ಲಬೇಕಾದಲ್ಲೇ ನಿಂತಿದ್ದರು. ನಿನ್ನ ಅಜ್ಜಿ ಕಂಬದ ಹಿಂದೆ ಇದ್ದಳು.